ಸಾಲು ಎಲ್ಲಿ ಮುರಿಯಿತು? ಹೊಸ ಕವಿತೆಯ ಲಯ, ಛಂದಸ್ಸು ಬಿಡಿಸುವ ಬಗೆ

ಹಳೆಯ ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ಲಘು ಗುರು ಗುರುತು ಹಾಕು, ಮೂರು ಮೂರು ಅಕ್ಷರಕ್ಕೆ ಗೆರೆ ಎಳೆ, ಕೊನೆಗೆ ‘ಇದು ಉತ್ಪಲಮಾಲಾ ವೃತ್ತ’ ಎಂದು ಬರೆ. ಅಂಕ ಖಾತ್ರಿ. ಅದೇ ಪೆನ್ಸಿಲ್ ಹಿಡಿದು ಹೊಸ ಕವಿತೆಯ ಮುಂದೆ ಕೂತರೆ ಕೈ ನಿಂತುಬಿಡುತ್ತದೆ. ಒಂದು ಸಾಲು ಉದ್ದ, ಇನ್ನೊಂದು ಒಂದೇ ಪದ. ಪ್ರಾಸ ಇಲ್ಲ. ಗಣ, ಅಂದರೆ ಸಾಲನ್ನು ಕತ್ತರಿಸಿದಾಗ ಸಿಗುವ ಸಮ ತುಂಡು, ಕೂರುತ್ತಿಲ್ಲ. ಆಗ ಹೆಚ್ಚಿನವರು ‘ಇದು ಮುಕ್ತಛಂದಸ್ಸಿನಲ್ಲಿದೆ’ ಎಂದು ಒಂದು ವಾಕ್ಯ ಬರೆದು ಭಾವಾರ್ಥಕ್ಕೆ ಹಾರುತ್ತಾರೆ.

ಕೆಲಸ ಶುರುವಾಗಬೇಕಾದದ್ದೇ ಅಲ್ಲಿ. ಕವಿತೆಯ ನಡೆ, ಅಂದರೆ ಅದರ ಲಯದ ಹೆಜ್ಜೆ, ಎಲ್ಲಿ ಕೂತಿತು, ಎಲ್ಲಿ ಮುರಿಯಿತು, ಮುರಿದ ಜಾಗದಲ್ಲಿ ಕವಿತೆಯೊಳಗೆ ಏನಾಗುತ್ತಿದೆ? ಹೊಸ ಕವಿತೆಯ ರೂಪದ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆಗಳು ಇವು. ಛಂದಸ್ಸಿನ ಹೆಸರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ನಷ್ಟವಿಲ್ಲ.

ಈ ಲೇಖನಕ್ಕೆಂದೇ ಬರೆದ ಪುಟ್ಟ ಕವಿತೆಯೊಂದು ಕೆಳಗಿದೆ. ರಸ್ತೆ ಅಗಲ ಮಾಡಲು ಅರ್ಧ ಒಡೆದ ಮನೆಯ ಬಗ್ಗೆ. ಕೊನೆಯವರೆಗೂ ಇದನ್ನೇ ಬಿಡಿಸುತ್ತಾ ಹೋಗೋಣ.

ಅರ್ಧಮನೆ ನಿಂತಿತ್ತು ರಸ್ತೆಯಂಚಿನ ಮೇಲೆ
ಗೋಡೆಯಲಿ ಉಳಿದಿತ್ತು ನೀಲಿ ಸುಣ್ಣದ ಬಣ್ಣ
ಮೊಳೆಯೊಂದು ಹಿಡಿದಿತ್ತು ಹಳೆಯ ಕ್ಯಾಲೆಂಡರನು
ಅಡುಗೆಮನೆ ಇದ್ದಲ್ಲಿ ಈಗ
ಬಸ್ಸು
ಬಂದು ನಿಲ್ಲುತ್ತದೆ.
ಹತ್ತುವವರು ಹತ್ತುತ್ತಾರೆ, ಇಳಿಯುವವರು
ಇಳಿಯುತ್ತಾರೆ.
ಯಾರೂ ಗೋಡೆ ನೋಡುವುದಿಲ್ಲ.

ನೀಲಿ ಸುಣ್ಣದ ಮೇಲೆ ಮಳೆಯ ಗೆರೆ ಇಳಿದಿತ್ತು
ಹಾಳೆ ತಿರುವುವ ಕೈಗೆ ಕಾದು
ಮೇ ತಿಂಗಳು.

ಮೊದಲು ಬಾಯಿ, ಆಮೇಲೆ ಪೆನ್ಸಿಲ್

ಕವಿತೆಯನ್ನು ಎರಡು ಸಲ ಗಟ್ಟಿಯಾಗಿ ಓದಿ. ಮೊದಲ ಸಲ ಅರ್ಥಕ್ಕೆ ತಕ್ಕಂತೆ, ಯಾರಿಗೋ ವಿಷಯ ಹೇಳುವ ಹಾಗೆ ಓದಿ. ಎರಡನೇ ಸಲ ಪ್ರತಿ ಸಾಲಿನ ಕೊನೆಗೂ ನಿಂತು ಓದಿ. ಎರಡು ಓದಿನಲ್ಲೂ ಬಾಯಿ ಒಂದೇ ಕಡೆ ನಿಂತರೆ ಅಲ್ಲಿ ವಾಕ್ಯವೂ ಸಾಲೂ ಒಟ್ಟಿಗೆ ಮುಗಿದಿವೆ. ಬೇರೆ ಬೇರೆ ಕಡೆ ನಿಂತರೆ ಅಲ್ಲೊಂದು ಚಿಕ್ಕಿ ಇಡಿ. ನಮ್ಮ ಕವಿತೆಯ ಮೊದಲ ಮೂರು ಸಾಲಿನಲ್ಲಿ ಚಿಕ್ಕಿ ಬೇಕಾಗುವುದಿಲ್ಲ. ನಾಲ್ಕನೆಯ ಸಾಲಿನ ‘ಈಗ’ ಆದ ಮೇಲೆ ಬೇಕು. ‘ಬಸ್ಸು’ ಆದ ಮೇಲೂ ಬೇಕು. ‘ಇಳಿಯುವವರು’, ‘ಕಾದು’ ಆದ ಮೇಲೂ ಅಷ್ಟೇ. ಈ ನಾಲ್ಕು ಚಿಕ್ಕಿಗಳನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತವೆ.

ಮನಸ್ಸಿನಲ್ಲೇ ಓದಿದರೆ ಸಾಲದು. ಕಣ್ಣು ಸಾಲಿನ ಉದ್ದ ನೋಡುತ್ತದೆ, ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಹೊತ್ತು, ನೋಡುವುದಿಲ್ಲ. ‘ಹತ್ತುವವರು ಹತ್ತುತ್ತಾರೆ’ ಎಂಬ ಸಾಲು ಪುಟದ ಮೇಲೆ ಮೊದಲ ಸಾಲಿನಷ್ಟೇ ಉದ್ದ ಕಾಣುತ್ತದೆ. ಬಾಯಲ್ಲಿ ಅದರ ನಡೆಯೇ ಬೇರೆ.

ಮಾತ್ರೆ ಎಣಿಕೆ: ನಿಯಮ ಸುಲಭ, ಎಡವುವ ಜಾಗ ಕೆಲವು

ಹ್ರಸ್ವಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ ಎರಡು, ಅದು ಗುರು. ಐ, ಔ ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನ ಅಕ್ಷರ ಗುರು. ವ್ಯಂಜನದಲ್ಲಿ ಮುಗಿದರೂ ಗುರು: ‘ಬಸ್’ ಎಂದರೆ ಎರಡು, ‘ಬಸ್ಸು’ ಎಂದರೆ ಮೂರು. ಸಾಲಿನ ಕೊನೆಯ ಲಘುವನ್ನು ಅಗತ್ಯ ಬಿದ್ದರೆ ಎಳೆದು ಗುರು ಮಾಡಿಕೊಳ್ಳಬಹುದು. ಇಷ್ಟು ಗೊತ್ತಿದ್ದರೆ ಸಾಕು.

ಎಡವುವುದು ಎಲ್ಲಿ ಅಂದರೆ, ಮೊದಲನೆಯದು ಋಕಾರ. ‘ಸುಕೃತ’ದ ‘ಕೃ’ ನೋಡಲು ಒತ್ತಕ್ಷರದ ಹಾಗಿದೆ, ಆದರೆ ಅದು ಸ್ವರ. ಹಿಂದಿನ ‘ಸು’ ಲಘುವಾಗಿಯೇ ಉಳಿಯುತ್ತದೆ. ಎರಡನೆಯದು ಅರ್ಕಾವತ್ತು. ‘ಅರ್ಧ’ದಲ್ಲಿ ಗುರುತು ಕೊನೆಗೆ ಇದ್ದರೂ ರಕಾರದ ಉಚ್ಚಾರ ಮೊದಲು, ಹಾಗಾಗಿ ‘ಅ’ ಗುರು. ಮೂರನೆಯದು ಎರಡು ಪದಗಳ ನಡುವಿನ ಒತ್ತು. ‘ಹಳೆಯ ಕ್ಯಾಲೆಂಡರನು’ ಎಂಬಲ್ಲಿ ‘ಯ’ ಗುರುವೋ ಲಘುವೋ? ಸಂಸ್ಕೃತದ ವೃತ್ತಗಳಲ್ಲಾದರೆ ಗುರು. ಹೊಸಗನ್ನಡ ಕವಿತೆಯಲ್ಲಿ ಬೇರೆ ಪದದ ಮೊದಲಿಗೆ ಬಂದ ಒತ್ತು ಹಿಂದಿನ ಪದವನ್ನು ಎಳೆಯುವುದು ಕಡಿಮೆ. ಇಲ್ಲಿ ಲಘು ಎಂದೇ ಓದಿ. ಅನುಮಾನ ಬಂದರೆ ಸುತ್ತಲಿನ ಗಣಗಳನ್ನು ಕೇಳಿ, ಅವೇ ತೀರ್ಮಾನ ಕೊಡುತ್ತವೆ.

ಆಡುಮಾತಿನ ರೂಪಗಳನ್ನು ಅಚ್ಚಾದ ಹಾಗೆಯೇ ಎಣಿಸಿ. ‘ಮಾಡಿದರು’ ಐದು ಮಾತ್ರೆ, ‘ಮಾಡಿದ್ರು’ ಕೂಡ ಐದೇ. ಒಂದು ಸ್ವರ ಬಿದ್ದುಹೋದರೂ ಹಿಂದಿನ ಅಕ್ಷರ ಗುರುವಾಗಿ ಲೆಕ್ಕ ಸರಿತೂಗುತ್ತದೆ. ಆದರೆ ‘ಬರುತ್ತದೆ’ ಐದು, ‘ಬರುತ್ತೆ’ ನಾಲ್ಕು. ಹಾಗಾಗಿ ಕವಿ ಎರಡರಲ್ಲಿ ಯಾವುದನ್ನು ಆರಿಸಿದರು ಎಂಬುದು ನಮಗೆ ಒಂದು ಸುಳಿವು.

ಸುಳಿವು ಅಂದೆ ಅಲ್ವಾ, ನಮ್ಮ ಕವಿತೆಯಲ್ಲೇ ಅಂಥವು ಎರಡಿವೆ. ‘ಗೋಡೆಯಲ್ಲಿ’ ಎನ್ನುವ ಬದಲು ‘ಗೋಡೆಯಲಿ’ ಎಂದಿದೆ. ‘ಕ್ಯಾಲೆಂಡರನ್ನು’ ಎನ್ನುವ ಬದಲು ‘ಕ್ಯಾಲೆಂಡರನು’ ಎಂದಿದೆ. ಇಂದಿನ ಬರವಣಿಗೆಯಲ್ಲಿ ಯಾರೂ ಸುಮ್ನೆ ಹೀಗೆ ಬರೆಯುವುದಿಲ್ಲ. ‘ಗೋಡೆಯಲ್ಲಿ’ ಆರು ಮಾತ್ರೆ, ‘ಗೋಡೆಯಲಿ’ ಐದು. ಇಂಥ ಮೊಟಕು ರೂಪ ಕಂಡರೆ ಕವಿ ಬೆರಳು ಮಡಚಿ ಎಣಿಸುತ್ತಿದ್ದಾರೆ ಎಂದೇ ಅರ್ಥ. ನೀವೂ ಎಣಿಸಿ.

ನಡೆ ಹಿಡಿಯುವುದು

ಹೊಸ ಕವಿತೆಯಲ್ಲಿ ಬರುವ ನಡೆಗಳು ಬಹುಪಾಲು ನಾಲ್ಕೇ. ಮೂರು ಮಾತ್ರೆ, ನಾಲ್ಕು ಮಾತ್ರೆ, ಐದು ಮಾತ್ರೆ, ಮತ್ತೆ ಮೂರು-ನಾಲ್ಕರ ಜೋಡಿ. ಒಂದೇ ಬೆಕ್ಕನ್ನು ನಾಲ್ಕು ನಡೆಯಲ್ಲಿ ನಡೆಸಿ ನೋಡೋಣ.

ಮೂರು: ಬಾಗಿ | ಲಲ್ಲಿ | ನಿಂತ | ಬೆಕ್ಕು
ನಾಲ್ಕು: ಬಾಗಿಲ | ಬಳಿಯಲಿ | ಬೆಕ್ಕಿನ | ಮರಿಗಳು
ಐದು: ಬಾಗಿಲಲಿ | ನಿಂತಿದ್ದ | ಬೆಕ್ಕು ಬಾ | ಲವ ಬೀಸಿ
ಮೂರು-ನಾಲ್ಕು: ಬೆಕ್ಕು | ಬಾಗಿಲ | ದಾಟಿ | ಹೋಯಿತು

ಮೇಜು ತಟ್ಟುತ್ತಾ ಓದಿ. ಮೂರಕ್ಕೆ ‘ತಕಿಟ’, ನಾಲ್ಕಕ್ಕೆ ‘ತಕಧಿಮಿ’, ಐದಕ್ಕೆ ‘ತಕತಕಿಟ’, ಜೋಡಿಗೆ ‘ತಕಿಟ ತಕಧಿಮಿ’. ಮೂರರ ನಡೆ ಕುಣಿಯುತ್ತದೆ. ನಾಲ್ಕು ಸಮವಾಗಿ ಹೆಜ್ಜೆ ಹಾಕುತ್ತದೆ, ಮಕ್ಕಳ ಪದ್ಯಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಐದು ಮಾತಿಗೆ ಹತ್ತಿರ. ಕಥೆ ಹೇಳಲು, ಯೋಚನೆ ಮಾಡುತ್ತಾ ಹೋಗಲು ಅನುಕೂಲ. ಮೂರು-ನಾಲ್ಕರ ಜೋಡಿ ಭಾಮಿನಿ ಷಟ್ಪದಿಯಿಂದ ಕನ್ನಡಿಗರ ಕಿವಿಗೆ ಚೆನ್ನಾಗಿ ಗೊತ್ತು. ಮೇಲಿನ ಬೆಕ್ಕಿನ ಸಾಲೇ ಭಾಮಿನಿಯ ಒಂದು ಗಿಡ್ಡ ಸಾಲಿನ ಅಳತೆ, ಹದಿನಾಲ್ಕು ಮಾತ್ರೆ.

ಈಗ ನಮ್ಮ ಕವಿತೆಯ ಮೊದಲ ಮೂರು ಸಾಲು.

ಅರ್ಧಮನೆ | ನಿಂತಿತ್ತು | ರಸ್ತೆಯಂ | ಚಿನ ಮೇಲೆ
ಗೋಡೆಯಲಿ | ಉಳಿದಿತ್ತು | ನೀಲಿ ಸು | ಣ್ಣದ ಬಣ್ಣ
ಮೊಳೆಯೊಂದು | ಹಿಡಿದಿತ್ತು | ಹಳೆಯ ಕ್ಯಾ | ಲೆಂಡರನು

ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ ಇಪ್ಪತ್ತು. ರಗಳೆ ಎಂಬ ಹಳೆಯ ಮಾತ್ರಾಛಂದಸ್ಸಿನ ಒಂದು ಬಗೆಯಾದ ಲಲಿತ ರಗಳೆಯ ಅಳತೆ ಇದೇ. ರಗಳೆಯ ಪ್ರಾಸ ತೆಗೆದು ಈ ನಡೆಯನ್ನು ಮಾತ್ರ ಉಳಿಸಿಕೊಂಡರೆ ಸರಳ ರಗಳೆ. ಮೂರನೆಯ ಸಾಲಿನಲ್ಲಿ ‘ಯ’ ಲಘು ಎಂದದ್ದು ಏಕೆ ಎಂಬುದು ಈಗ ಕಾಣುತ್ತಿದೆ. ಗುರು ಮಾಡಿದ್ದರೆ ಆ ಗಣಕ್ಕೆ ಆರು ಬರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಸಾಲು ಐದರಲ್ಲಿ ಕೂತಿತು ಎಂದು ನಡೆ ಸಿಕ್ಕಿತು ಎನ್ನಬೇಡಿ. ಕನ್ನಡದ ಗದ್ಯವೂ ಆಗಾಗ ತಾನಾಗಿ ಐದಕ್ಕೆ ಬೀಳುತ್ತದೆ. ಎರಡು ಮೂರು ಸಾಲು ಬೆನ್ನು ಬೆನ್ನಿಗೆ ಕೂತರೆ ನಂಬಿ.

ಲೆಕ್ಕ ಸರಿ ಇದ್ದೂ ಕಿವಿ ಒಪ್ಪದಿದ್ದರೆ?

ಎಣಿಕೆ ಕಲಿತವರು ಜಾಸ್ತಿ ಬೀಳುವ ಹಳ್ಳ ಇದೇ. ಈ ಎರಡು ಸಾಲು ಓದಿ.

ತೋಟದ | ಮಲ್ಲಿಗೆ | ಬೆಳ್ಳಗೆ | ಅರಳಿತು
ತೋಟದ | ಗುಲಾಬಿ | ಕೆಂಪಗೆ | ಅರಳಿತು

ಎರಡರಲ್ಲೂ ನಾಲ್ಕು ಮಾತ್ರೆಯ ನಾಲ್ಕು ಗಣ. ಮೊದಲನೆಯದು ಸರಾಗವಾಗಿ ಹೋಗುತ್ತದೆ. ಎರಡನೆಯದು ‘ಗುಲಾಬಿ’ಯಲ್ಲಿ ಮುಗ್ಗರಿಸುತ್ತದೆ. ಕಾರಣ, ಆ ಗಣ ಲಘುವಿನಿಂದ ಶುರುವಾಗಿ ತಕ್ಷಣ ಗುರುವಿಗೆ ಏರುತ್ತದೆ. ಗಣದ ಮೊದಲ ಎರಡು ಮಾತ್ರೆ ಒಟ್ಟಿಗೆ ಕೂರಬೇಕು. ಒಂದು ಗುರುವಾಗಿ ಬರಲಿ, ಎರಡು ಲಘುವಾಗಿ ಬರಲಿ. ಇಲ್ಲಿ ಎರಡನೆಯ ಮಾತ್ರೆಯ ಮೇಲೆ ದೀರ್ಘ ಹತ್ತಿ ಕೂತಿದೆ. ಇಂಥ ಗಣಕ್ಕೆ ಲಗಾದಿ ಎನ್ನುತ್ತಾರೆ. ಕನ್ನಡದ ಮಾತ್ರಾಛಂದಸ್ಸು ಇದನ್ನು ಆದಷ್ಟು ದೂರ ಇಡುತ್ತದೆ.

ಈಗ ನಮ್ಮ ಏಳನೆಯ ಸಾಲನ್ನು ಐದೈದಾಗಿ ಕತ್ತರಿಸಿ.

ಹತ್ತುವವ | ರು ಹತ್ತು | ತ್ತಾರೆ ಇಳಿ | ಯುವವರು

ನೋಡಿ, ಐದು, ಐದು, ಐದು, ನಾಲ್ಕು. ಕಾಗದದ ಮೇಲೆ ನಡೆ ಉಳಿದಿದೆ ಎಂದು ವಾದ ಮಾಡಬಹುದು. ಆದರೆ ಹಾಗೆ ಓದಿ ನೋಡಿ. ‘ರು ಹತ್ತು’ ಎಂಬ ಗಣ ಲಘು, ಗುರು, ಗುರು. ಅಲ್ಲಿ ಬಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಸಾಲಿಗೂ ಹಾಗೇ ಮುಂದುವರಿಸಿದರೆ ‘ಳಿಯುತ್ತಾ’ ಎಂಬ ಇನ್ನೊಂದು ಲಗಾದಿ ಗಣ ಎದುರಾಗುತ್ತದೆ. ಅಂದರೆ ಸಂಖ್ಯೆ ಇದೆ, ನಡೆ ಇಲ್ಲ. ಇದು ಗದ್ಯದ ಸಾಲು. ಇಂಥ ಕಡೆ ಕಿವಿಯ ಮಾತು ಕೇಳಿ, ಲೆಕ್ಕವನ್ನು ಪಕ್ಕಕ್ಕಿಡಿ.

ಸಾಲು ಕೂರುತ್ತಲೇ ಇಲ್ಲ ಎಂದಾಗ

ಮೊದಲು ಸಾಲುಗಳನ್ನು ಜೋಡಿಸಿ ನೋಡಿ. ಎಷ್ಟೋ ಕವಿತೆಗಳಲ್ಲಿ ಹಳೆಯ ನಡೆಯನ್ನೇ ತುಂಡು ಮಾಡಿ ಒಂದರ ಕೆಳಗೊಂದು ಇಟ್ಟಿರುತ್ತಾರೆ. ಹೀಗೆ:

ಮಳೆ ನಿಂತ
ಮೇಲೂ
ಮರದ ಕೆಳಗೆ
ಹನಿಯುತಿದೆ

ನೋಡಲು ಪೂರ್ತಿ ಸ್ವಚ್ಛಂದ. ಜೋಡಿಸಿದರೆ ‘ಮಳೆ ನಿಂತ | ಮೇಲೂ ಮ | ರದ ಕೆಳಗೆ | ಹನಿಯುತಿದೆ’. ಐದರ ನಾಲ್ಕು ಗಣ, ಒಂದಿಷ್ಟೂ ಕುಂದಿಲ್ಲ. ಇಂಥ ಕವಿತೆಯನ್ನು ‘ಛಂದಸ್ಸು ಇಲ್ಲದ್ದು’ ಎನ್ನುವಂತಿಲ್ಲ. ನಡೆ ಕಿವಿಗೆ ಇದೆ, ಮುರಿತ ಕಣ್ಣಿಗೆ ಇದೆ. ಹನಿ ಒಂದೊಂದಾಗಿ ಬೀಳುವ ಹಾಗೆ ಸಾಲೂ ನಿಂತು ನಿಂತು ಇಳಿಯಲಿ ಎಂದು ಹಾಗೆ ಮಾಡಿರಬಹುದು. ಇಲ್ಲವೇ ಪುಟದ ಮೇಲೆ ಆಧುನಿಕವಾಗಿ ಕಾಣಲಿ ಎಂಬ ಆಸೆಯೂ ಇದ್ದೀತು. ಅದನ್ನೂ ಹೇಳುವ ಹಕ್ಕು ವಿಮರ್ಶಕರಿಗೆ ಇದೆ.

ಜೋಡಿಸಿದರೂ ಆಗಲಿಲ್ಲ ಎಂದರೆ ಸಾಲಿನ ಮೊದಲ ಎರಡು ಮೂರು ಮಾತ್ರೆ ಬಿಟ್ಟು ಎಣಿಸಿ. ‘ಓ’, ‘ಇಗೋ’ ಥರದ ಪದಗಳು ಗಣದ ಲೆಕ್ಕಕ್ಕೆ ಸೇರದೆ ಬಾಗಿಲಲ್ಲಿ ನಿಂತಿರುತ್ತವೆ. ಸಾಲಿನ ಕೊನೆಯಲ್ಲಿ ಅರ್ಧ ಗಣ ಉಳಿದರೆ ಅದು ಮುಡಿ. ಅಲ್ಲಿ ಬಾಯಿ ಸುಮ್ಮನೆ ನಿಲ್ಲುತ್ತದೆ, ಉಳಿದ ಮಾತ್ರೆಯನ್ನು ಮೌನ ತುಂಬುತ್ತದೆ. ಮೌನವನ್ನೂ ಎಣಿಸಿ.

ಹಾಡಿದರೆ ಸರಿ, ಎಣಿಸಿದರೆ ತಪ್ಪು ಎನ್ನಿಸುವ ಕವಿತೆಗಳು ಇನ್ನೊಂದು ಬಗೆ. ಅವು ಅಂಶಗಣದವು, ಅಂದರೆ ಮಾತ್ರೆಯ ಬದಲು ಅಂಶ ಎಂಬ ಘಟಕವನ್ನು ಎಣಿಸುವವು, ಇರಬಹುದು. ತ್ರಿಪದಿ, ಸಾಂಗತ್ಯಗಳ ದಾರಿ ಅದು. ನಾಗವರ್ಮನ ‘ಛಂದೋಂಬುಧಿ’ಯಲ್ಲೇ ಈ ಗಣಗಳ ವಿವರ ಇದೆ. ಬ್ರಹ್ಮ, ವಿಷ್ಣು, ರುದ್ರ ಎಂದು ಅವುಗಳ ಹೆಸರು. ಎರಡು, ಮೂರು, ನಾಲ್ಕು ಅಂಶ. ಅಲ್ಲಿ ಅಕ್ಷರವನ್ನು ಎಳೆಯುವ ಸ್ವಾತಂತ್ರ್ಯ ಹಾಡುವವರಿಗೆ ಇರುತ್ತದೆ. ಹಾಗಾಗಿ ಕಾಗದದ ಮೇಲೆ ಮಾತ್ರೆ ಏರುಪೇರಾಗುತ್ತದೆ. ಬೇಂದ್ರೆಯವರ ಹಾಡುಗಳ ಮುಂದೆ ಕೂತಾಗ ಈ ಮಾತು ನೆನಪಿರಲಿ. ಬರೀ ಮಾತ್ರೆ ಎಣಿಸಿ ಅವರ ಲಯ ತಪ್ಪಿದೆ ಎಂದು ಬರೆದರೆ ಓದುವವರು ನಗುತ್ತಾರೆ.

ಅಕ್ಷರಗಣದ ವೃತ್ತ ಹೊಸ ಕವಿತೆಯಲ್ಲಿ ಅಪರೂಪ. ಎಲ್ಲ ಸಾಲಿನಲ್ಲೂ ಅಕ್ಷರದ ಸಂಖ್ಯೆ ಒಂದೇ ಇದ್ದರೆ ಮಾತ್ರ ಅತ್ತ ನೋಡಿ.

ಯಾವ ಕಾಲದ ಕವಿತೆ?

ರೂಪದ ಬಗ್ಗೆ ತೀರ್ಪು ಕೊಡುವ ಮೊದಲು ಕವಿತೆಯ ಕಾಲ ನೋಡಿ. ಒಂದು ಕಾಲಕ್ಕೆ ಬಂಡಾಯವಾಗಿದ್ದದ್ದು ಇನ್ನೊಂದು ಕಾಲಕ್ಕೆ ರೂಢಿ. ಎಲ್ಲ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕು ಎಂಬ ಆದಿಪ್ರಾಸದ ಕಟ್ಟನ್ನು ಎಂ. ಗೋವಿಂದ ಪೈ ಬಿಟ್ಟದ್ದು 1911ರಲ್ಲಿ. ಅದು ಆಗ ದೊಡ್ಡ ಸುದ್ದಿ. ಇವತ್ತಿನ ಕವಿತೆಯಲ್ಲಿ ಆದಿಪ್ರಾಸ ಇಲ್ಲ ಎಂದು ಬರೆದರೆ ಅದು ಸುದ್ದಿಯೇ ಅಲ್ಲ. ಇದ್ದರೆ ಅದೇ ಸುದ್ದಿ, ಏಕೆ ಎಂದು ಕೇಳಬೇಕು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಹಳೆಯ ಮಾತ್ರಾಗಣಗಳನ್ನೇ ಹೊಸ ಹೊಸ ಪದ್ಯಗಳಾಗಿ ಕಟ್ಟುವ ದಾರಿ ಅಲ್ಲಿಂದ ಅಗಲವಾಯಿತು. ಗಣ ಅದೇ, ಸಾಲುಗಳ ಜೋಡಣೆ ಹೊಸದು. ಆ ಕಾಲದ, ಅಂದರೆ ನವೋದಯದ, ಕವಿತೆ ಬಿಡಿಸುವಾಗ ಗಣದಷ್ಟೇ ಈ ಜೋಡಣೆಯನ್ನೂ ನೋಡಬೇಕು. ಎಷ್ಟು ಸಾಲಿಗೊಂದು ಪದ್ಯ, ಯಾವ ಸಾಲಿಗೆ ಯಾವ ಸಾಲಿನ ಜೊತೆ ಅಂತ್ಯಪ್ರಾಸ, ಗಿಡ್ಡ ಸಾಲು ಎಲ್ಲಿ ಬರುತ್ತದೆ. ಹದಿನಾಲ್ಕು ಸಾಲು ಇದ್ದರೆ ಅದು ಸುನೀತ (ಇಂಗ್ಲಿಷಿನ ಸಾನೆಟ್) ಇರಬಹುದು, ಎಂಟನೆಯ ಸಾಲು ಮುಗಿದ ಮೇಲೆ ಮಾತು ತಿರುಗಿತೇ ಎಂದು ನೋಡಿ.

ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ 1949ರದು. ಅಲ್ಲಿ ಸರಳ ರಗಳೆ ಇನ್ನೂ ದೊಡ್ಡದಾಗಿ ಬೆಳೆದು ಮಹಾಛಂದಸ್ಸು ಎನ್ನಿಸಿಕೊಂಡಿತು. ವಾಕ್ಯ ಸಾಲಿನ ಅಂಚಿಗೆ ನಿಲ್ಲದೆ ಹತ್ತಾರು ಸಾಲು ಹರಿಯುತ್ತದೆ. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ ಬಂದ ಮೇಲೆ ಆಡುಮಾತು, ಉದ್ದ ಗಿಡ್ಡ ಸಾಲು, ನಡುವೆ ಮುರಿಯುವ ಲಯ ಇವೆಲ್ಲ ಕನ್ನಡ ಕವಿತೆಯ ದಿನನಿತ್ಯದ ಸಲಕರಣೆ ಆದವು. ನವ್ಯರು, ಅಂದರೆ ಅಡಿಗರ ದಾರಿಯ ಕವಿಗಳು, ಛಂದಸ್ಸನ್ನೇ ಬಿಟ್ಟರು ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಮಾತ್ರೆಯ ನಡೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹಾಗಾಗಿ ‘ಮುಕ್ತ’ ಎಂಬ ಚೀಟಿ ಅಂಟಿಸುವ ಮುನ್ನ ನಡೆ ಬಂದು ಹೋಗುವ ಜಾಗಗಳನ್ನು ಗುರುತು ಮಾಡಿ.

ಮುರಿದ ಜಾಗ

ಇಲ್ಲಿ ನಿಧಾನ ಮಾಡಿ. ಉಳಿದದ್ದೆಲ್ಲ ಇದಕ್ಕಾಗಿ ಮಾಡಿದ ತಯಾರಿ.

ನಮ್ಮ ಕವಿತೆಯ ನಾಲ್ಕನೆಯ ಸಾಲು: ‘ಅಡುಗೆಮನೆ | ಇದ್ದಲ್ಲಿ | ಈಗ’. ಐದು, ಐದು, ಮೂರು. ಮೂರು ಸಾಲು ಕೇಳಿ ಪಳಗಿದ ಕಿವಿ ಇನ್ನೆರಡು ಮಾತ್ರೆಗೆ ಕಾಯುತ್ತದೆ. ಬರುವುದು ‘ಬಸ್ಸು’, ಮೂರು ಮಾತ್ರೆ. ಮೂರು ಮೂರು ಸೇರಿ ಆರಾಯಿತು, ಗಣ ಒಡೆಯಿತು. ಮುಂದಿನದೂ ‘ಬಂದು’, ಮೂರು. ‘ಈಗ, ಬಸ್ಸು, ಬಂದು’ ಎಂದು ಐದರ ನಡೆ ಹೋಗಿ ಮೂರರ ಓಟ ಶುರುವಾಗಿದೆ. ಅದೂ ಜಾಸ್ತಿ ಹೊತ್ತಿಲ್ಲ. ‘ನಿಲ್ಲುತ್ತದೆ’ ಎಂಬಲ್ಲಿ ಎರಡು ಗುರು ಒಟ್ಟಿಗೆ ಬಂದು ಮೂರರ ಓಟವನ್ನೂ ತಡೆಯುತ್ತವೆ. ಬಸ್ಸು ನಿಲ್ಲುವುದೂ ಲಯ ನಿಲ್ಲುವುದೂ ಒಂದೇ ಪದದಲ್ಲಿ.

‘ಬಂದು ನಿ | ಲ್ಲುತ್ತದೆ’ ಎಂದು ಐದು-ನಾಲ್ಕಾಗಿಯೂ ಕತ್ತರಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ, ಕತ್ತರಿಸಬಹುದು. ಆ ಸಾಲು ಒಂದೇ ಇದ್ದಿದ್ದರೆ ಹಾಗೇ ಓದುತ್ತಿದ್ದೆವು. ಆದರೆ ಹಿಂದಿನ ಎರಡು ಮೂರುಗಳ ಬೆನ್ನಿಗೆ ಬಂದದ್ದರಿಂದ ‘ಬಂದು’ ಮೂರಾಗಿಯೇ ಕೇಳುತ್ತದೆ. ಇಂಥ ಇಬ್ಬಂದಿ ಬಂದಾಗ ಎರಡನ್ನೂ ಬರೆಯಿರಿ, ನಿಮ್ಮ ಕಿವಿ ಯಾವುದನ್ನು ಒಪ್ಪಿತು, ಏಕೆ ಎಂದು ಹೇಳಿ.

ಮುರಿತ ಬೇಕಂತಲೇ ಮಾಡಿದ್ದೋ, ಕೈತಪ್ಪಿದ್ದೋ? ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಅದೇ ಅರ್ಥವನ್ನು ಹಳೆಯ ನಡೆಯಲ್ಲೇ ನೀವೇ ಬರೆದು ನೋಡಿ.

ಅಡುಗೆಮನೆ | ಇದ್ದಲ್ಲಿ | ಬಂದು ನಿ | ಲ್ಲುವ ಬಸ್ಸು

ಕೂತಿತು, ಅಲ್ವಾ? ಅದೂ ಬೇರೆ ಪದ ಹುಡುಕದೆ. ಅಂದರೆ ನಡೆ ಉಳಿಸಿಕೊಳ್ಳುವುದು ಕಷ್ಟವೇನೂ ಇರಲಿಲ್ಲ, ಬೇಕೆಂದೇ ಬಿಟ್ಟಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಈ ನಯವಾದ ಸಾಲಿನಲ್ಲಿ ಏನು ಹೋಯಿತು? ‘ಈಗ’ ಹೋಯಿತು. ಬಸ್ಸು ಒಂಟಿಯಾಗಿ ಒಂದು ಸಾಲನ್ನೇ ಆಕ್ರಮಿಸಿಕೊಂಡದ್ದು ಹೋಯಿತು. ಅಡುಗೆಮನೆಯ ಜಾಗಕ್ಕೆ ಬಸ್ಸು ಬಂದದ್ದು ಏನೂ ಆಗೇ ಇಲ್ಲ ಅನ್ನುವಷ್ಟು ಸಲೀಸಾಗಿ ಕೇಳಿಸಿತು. ಮನೆ ಒಡೆದ ಕಡೆ ಸಾಲೂ ಒಡೆದಿದ್ದರಿಂದಲೇ ಆ ಪೆಟ್ಟು ನಮಗೆ ತಾಗಿದ್ದು.

ವ್ಯಾಕರಣವೂ ಇದೇ ಜಾಗದಲ್ಲಿ ಹೊರಳುತ್ತದೆ, ಗಮನಿಸಿ. ನಡೆ ಇದ್ದಷ್ಟು ಹೊತ್ತು ಕ್ರಿಯಾಪದವೆಲ್ಲ ‘ನಿಂತಿತ್ತು, ಉಳಿದಿತ್ತು, ಹಿಡಿದಿತ್ತು’. ನಡೆ ಹೋದ ಮೇಲೆ ‘ನಿಲ್ಲುತ್ತದೆ, ಹತ್ತುತ್ತಾರೆ, ಇಳಿಯುತ್ತಾರೆ’. ಭೂತಕಾಲಕ್ಕೆ ಛಂದಸ್ಸು, ವರ್ತಮಾನಕ್ಕೆ ಗದ್ಯ. ‘ಗೋಡೆಯಲಿ’ ಎಂಬಂಥ ಮೊಟಕು ರೂಪಗಳೂ ನಡುವಿನ ಗದ್ಯಭಾಗದಲ್ಲಿ ಇಲ್ಲ. ‘ಯಾರೂ ಗೋಡೆ ನೋಡುವುದಿಲ್ಲ’ ಎಂಬ ಸಾಲು ಮೂರರಲ್ಲಿ, ನಾಲ್ಕರಲ್ಲಿ, ಐದರಲ್ಲಿ ಯಾವುದರಲ್ಲೂ ಕೂರುವುದಿಲ್ಲ. ಯಾವ ಕವಿತೆಯಲ್ಲೇ ಆಗಲಿ ಲಯ, ಕಾಲ, ಪದರೂಪ ಮೂರೂ ಒಂದೇ ಜಾಗದಲ್ಲಿ ಬದಲಾದರೆ ಅದು ಆಕಸ್ಮಿಕ ಅಲ್ಲ. ಲಯ ಒಂದೇ ಬದಲಾಗಿ ಮಿಕ್ಕದ್ದು ಹಾಗೇ ಇದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಕೊನೆಯ ಮೂರು ಸಾಲಿಗೆ ಬನ್ನಿ. ‘ನೀಲಿ ಸು | ಣ್ಣದ ಮೇಲೆ | ಮಳೆಯ ಗೆರೆ | ಇಳಿದಿತ್ತು’. ಐದರ ನಡೆ ವಾಪಸ್ ಬಂದಿದೆ, ಜೊತೆಗೆ ‘ಇತ್ತು’ ಕೂಡ. ಆಮೇಲೆ ‘ಹಾಳೆ ತಿರು | ವುವ ಕೈಗೆ | ಕಾದು’. ಮತ್ತೆ ಐದು, ಐದು, ಮೂರು. ನಾಲ್ಕನೆಯ ಸಾಲಿನದೇ ಅಳತೆ. ಆಗ ‘ಈಗ’ ಆದ ಮೇಲೆ ಗಣ ಒಡೆದಿತ್ತು. ಈ ಸಲ ಮುಂದಿನ ಸಾಲಿಗೆ ‘ಮೇ’ ಬರುತ್ತದೆ, ಸರಿಯಾಗಿ ಎರಡು ಮಾತ್ರೆ. ‘ಕಾದು ಮೇ’ ಐದಾಯಿತು. ‘ತಿಂಗಳು’ ನಾಲ್ಕು, ಕೊನೆಯ ಲಘುವನ್ನು ಎಳೆದರೆ ಐದು. ಅಂದರೆ ಈ ಎರಡು ತುಂಡು ಸಾಲು ಸೇರಿ ಒಂದು ಪೂರ್ತಿ ಸರಳ ರಗಳೆಯ ಸಾಲು. ಪುಟದ ಮೇಲೆ ಮುರಿದಿದೆ, ಕಿವಿಯಲ್ಲಿ ಮುರಿದಿಲ್ಲ. ಮನೆ ಹೋದರೂ ಕ್ಯಾಲೆಂಡರ್ ಮಾತ್ರ ತನ್ನ ತಿಂಗಳಲ್ಲೇ ನಿಂತಿದೆ ಎಂಬ ಅರ್ಥಕ್ಕೆ ಈ ಲೆಕ್ಕ ಹೊಂದುತ್ತದೆ. ಮೊದಲಿಗೆ ನಾಲ್ಕು ಚಿಕ್ಕಿ ಇಟ್ಟಿದ್ದೆವಲ್ಲ, ಅವುಗಳಲ್ಲಿ ಮೂರು ನಿಜವಾದ ಮುರಿತ. ‘ಕಾದು’ ಮುಂದಿನದು ಮಾತ್ರ ಬೇರೆ ಜಾತಿಯದು. ಎಲ್ಲ ಸಾಲುಮುರಿತವೂ ಒಂದೇ ಕೆಲಸ ಮಾಡುವುದಿಲ್ಲ ಎಂದು ಹೇಳುವುದು ಇದಕ್ಕೇ.

ಸದ್ದು

ಅಂತ್ಯಪ್ರಾಸ ಇದ್ದರೆ ಅಕ್ಷರ ಹಾಕಿ ಗುರುತು ಮಾಡಿಕೊಳ್ಳಿ, ಒಂದೇ ಪ್ರಾಸದ ಸಾಲುಗಳಿಗೆ ಒಂದೇ ಅಕ್ಷರ. ಇಲ್ಲದಿದ್ದರೆ 'ಪ್ರಾಸವಿಲ್ಲ' ಎಂದು ಮುಗಿಸಬೇಡಿ. ಹೊಸ ಕವಿತೆಯಲ್ಲಿ ಪ್ರಾಸ ಸಾಲಿನ ಹೊಟ್ಟೆಯೊಳಗೆ ಹೋಗಿ ಕೂತಿರುತ್ತದೆ. ನಮ್ಮಲ್ಲಿ ಮೊದಲ ಮೂರು ಸಾಲಿನ ಎರಡನೆಯ ಗಣ ಪ್ರತಿ ಸಲ ‘ಇತ್ತು’ ಎಂದು ಮುಗಿಯುತ್ತದೆ. ಹತ್ತನೆಯ ಸಾಲಿನಲ್ಲಿ ಅದೇ ‘ಇತ್ತು’ ಸಾಲಿನ ತುದಿಗೆ ಜರುಗಿದೆ. ‘ಗೋಡೆ ನೋಡು’ ಎಂಬಲ್ಲಿ ಒಂದು ಸಣ್ಣ ಪ್ರಾಸ ಕೇಳುತ್ತದೆ. ಜನ ಬಸ್ಸಿಂದ ಇಳಿಯುತ್ತಾರೆ, ಮಳೆಯ ಗೆರೆ ಗೋಡೆಯಿಂದ ಇಳಿದಿತ್ತು. ಒಂದೇ ಧಾತು ಎರಡು ಕಡೆ. ಇಷ್ಟು ಸಾಕು. ಪ್ರತಿ ‘ತ್ತ’ಕಾರಕ್ಕೂ ಅರ್ಥ ಹುಡುಕಲು ಹೊರಟರೆ ಅದಕ್ಕೆ ಕೊನೆ ಇಲ್ಲ, ಕನ್ನಡದ ಕ್ರಿಯಾಪದಗಳಲ್ಲಿ ಅದು ಎಲ್ಲೆಲ್ಲೂ ಇದೆ.

ಬರೆಯುವಾಗ

ಪ್ರಸ್ತಾರವನ್ನೆಲ್ಲ ಲೇಖನದೊಳಗೆ ತುಂಬಬೇಡಿ. ಅದು ನಿಮ್ಮ ನೋಟ್‌ಬುಕ್ಕಿಗೆ. ಮೂಲ ನಡೆ ತೋರಿಸುವ ಒಂದು ಸಾಲು, ಅದು ಮುರಿಯುವ ಒಂದು ಸಾಲು, ಇವೆರಡನ್ನು ಗಣ ಬಿಡಿಸಿ ತೋರಿಸಿದರೆ ಸಾಕು. ‘ಲಯವು ಭಾವಕ್ಕೆ ಪೂರಕವಾಗಿದೆ’ ಎಂಬ ವಾಕ್ಯ ಬಂದರೆ ಅಳಿಸಿಬಿಡಿ. ಯಾವ ಲಯ, ಯಾವ ಸಾಲು, ಯಾವ ಭಾವ ಎಂದು ಹೇಳದ ಆ ವಾಕ್ಯ ಯಾವ ಕವಿತೆಗೆ ಬೇಕಾದರೂ ಹೊಂದುತ್ತದೆ. ಬದಲಿಗೆ ಹೀಗೆ ಬರೆಯಬಹುದು:

‘ಮೊದಲ ಮೂರು ಸಾಲು ಐದು ಮಾತ್ರೆಯ ನಾಲ್ಕು ಗಣಗಳ ಸರಳ ರಗಳೆಯಲ್ಲಿವೆ. ನಾಲ್ಕನೆಯ ಸಾಲಿನ ಮೂರನೇ ಗಣ ‘ಈಗ’ ಎಂಬಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ‘ಬಸ್ಸು’ ಆ ಗಣವನ್ನು ತುಂಬುವ ಬದಲು ಒಡೆಯುತ್ತದೆ. ಅಲ್ಲಿಂದ ಸ್ಟ್ಯಾಂಜಾ ಮುಗಿಯುವವರೆಗೆ ಗದ್ಯದ ನಡೆ, ವರ್ತಮಾನ ಕಾಲ. ಕೊನೆಯ ಎರಡು ಸಾಲು ಪುಟದ ಮೇಲೆ ತುಂಡಾಗಿದ್ದರೂ ಸೇರಿಸಿ ಓದಿದರೆ ಒಂದು ಪೂರ್ಣ ಸಾಲಾಗುತ್ತವೆ.’

ಇದರಲ್ಲಿ ಹೊಗಳಿಕೆ ಇಲ್ಲ, ಆದರೆ ಪ್ರತಿ ಮಾತನ್ನೂ ಓದುಗರು ಕವಿತೆ ತೆರೆದು ಪರೀಕ್ಷೆ ಮಾಡಬಹುದು. ಇದಾದ ಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಉದಾಹರಣೆಗೆ, ‘ಹತ್ತುವವರು’ ಎಂಬ ಸಾಲು ಇಲ್ಲದಿದ್ದರೂ ನಡೆಯುತ್ತಿತ್ತು, ಗದ್ಯಭಾಗ ಇನ್ನಷ್ಟು ಬಿಗಿಯಾಗುತ್ತಿತ್ತು ಎಂದು ನಿಮಗೆ ಅನ್ನಿಸಿದರೆ ಬರೆಯಿರಿ. ನನಗೂ ಹಾಗೇ ಅನ್ನಿಸುತ್ತದೆ.